ಪಟಾಕಿಗೂ ಹಲಗೆಗೂ ಒಂದೇ ಮಾತ್ರೆಯಲ್ಲ: ಸದ್ದಿಗೆ ಬೆದರುವ ನಮ್ಮ ನಾಯಿಗೆ ಕೊಟ್ಟು ನೋಡಿದ ಔಷಧಗಳು

ನಮ್ಮ ಮನೆ ಹಳೇ ಬಾಗಲಕೋಟೆಯ ಕಿಲ್ಲಾ ಭಾಗದ ಸಮೀಪದಲ್ಲಿದೆ. ಮನೆಯಲ್ಲಿ ಮಲ್ಲಿ ಎಂಬ ಏಳು ವರ್ಷದ ಮುಧೋಳ ತಳಿಯ ಹೆಣ್ಣು ನಾಯಿ ಇದೆ. ತೂಕ 23 ಕೆ.ಜಿ. ಬೇಟೆಗೆಂದೇ ಬೆಳೆದ ತಳಿಯಾದರೂ ಓಣಿಯ ತುದಿಯಲ್ಲಿ ಒಂದು ಪಟಾಕಿ ಸಿಡಿದರೆ ಸಾಕು, ಅದು ಪಡಸಾಲೆಯಿಂದ ಓಡಿಹೋಗಿ ಒಳಕೋಣೆಯ ಕಾಳಿನ ಚೀಲಗಳ ಹಿಂದೆ ಮೈ ಹುದುಗಿಸಿಕೊಂಡು, ಜೊಲ್ಲು ಸುರಿಸುತ್ತ, ಗಂಟೆಗಟ್ಟಲೆ ನಡುಗುತ್ತದೆ. ಒಮ್ಮೆ ಬಾಗಿಲು ಕೆರೆದು ಮುಂಗಾಲಿನ ಎರಡು ಉಗುರುಗಳನ್ನು ಕಿತ್ತುಕೊಂಡಿತ್ತು. ಆ ರಕ್ತವನ್ನು ನೋಡಿದ ಮೇಲೆ, ‘ನಾಯಿ ಎಂದ ಮೇಲೆ ಹೆದರುತ್ತದೆ, ಬಿಡು’ ಎಂಬ ಮಾತನ್ನು ಒಪ್ಪಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. 2021ರಿಂದ ಈವರೆಗೆ ಪಶುವೈದ್ಯರ ಸಲಹೆಯಂತೆ ಐದು ಔಷಧಗಳನ್ನು ಬೇರೆ ಬೇರೆ ಹಬ್ಬಗಳಲ್ಲಿ ಕೊಟ್ಟು, ಪ್ರತಿಯೊಂದರ ಪರಿಣಾಮವನ್ನೂ ನೋಟ್‌ಬುಕ್ಕಿನಲ್ಲಿ ಗಂಟೆಗಂಟೆಗೆ ಬರೆದಿಟ್ಟಿದ್ದೇನೆ. ಈ ಹೋಲಿಕೆ ಆ ಟಿಪ್ಪಣಿಗಳಿಂದ ಬಂದದ್ದು.

ಮೊದಲು ನಾವು ಬಳಸಿದ್ದು ಅಸಿಪ್ರೊಮಜಿನ್ ಎಂಬ ಮಂಪರಿನ ಮಾತ್ರೆ. 2021ರ ದೀಪಾವಳಿಯ ಸಂಜೆ ಮಾತ್ರೆ ಕೊಟ್ಟ ಒಂದು ಗಂಟೆಯೊಳಗೆ ಮಲ್ಲಿ ಗೋಣಿಚೀಲದ ಮೇಲೆ ಅಡ್ಡಬಿದ್ದಿತು. ‘ನೋಡು, ಎಷ್ಟ್ ಶಾಂತ ಮಲಗೈತಿ’ ಎಂದು ಅವ್ವ ಸಮಾಧಾನಪಟ್ಟಳು. ನಾನು ಹತ್ತಿರ ಹೋಗಿ ಎದೆಯ ಮೇಲೆ ಕೈಯಿಟ್ಟೆ, ಹೃದಯ ಹೊಡೆದುಕೊಳ್ಳುತ್ತಿತ್ತು. ನಾಯಿಗಳ ಕಣ್ಣಿನ ಒಳಮೂಲೆಯಲ್ಲಿರುವ ಮೂರನೆಯ ರೆಪ್ಪೆ ಅರ್ಧ ಮೇಲೆದ್ದಿತ್ತು, ಆದರೆ ಕಣ್ಣು ನಿದ್ದೆಯಲ್ಲಿರಲಿಲ್ಲ. ಒಂದೊಂದು ಸಿಡಿತಕ್ಕೂ ಕಿವಿ ಅದುರುತ್ತಿತ್ತು, ಕಾಲು ಮಾತ್ರ ಏಳುತ್ತಿರಲಿಲ್ಲ. ಈ ಔಷಧ ದೇಹವನ್ನು ಮಂಕಾಗಿಸುತ್ತದೆಯೇ ಹೊರತು ಭಯವನ್ನು ಕಡಿಮೆ ಮಾಡುವುದಿಲ್ಲ ಎಂಬುದನ್ನೂ, ಕೆಲವು ನಾಯಿಗಳಲ್ಲಿ ಸದ್ದಿನ ಸೂಕ್ಷ್ಮತೆಯನ್ನು ಅದು ಹೆಚ್ಚಿಸಬಹುದು, ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನೂ ನಮಗೆ ಯಾರೂ ಹೇಳಿರಲಿಲ್ಲ. ಮುಂದಿನ ವರ್ಷ ನಾವು ಹೋದ ಇನ್ನೊಬ್ಬ ವೈದ್ಯರು ಅದನ್ನು ಬಿಡಿಸಿ ಹೇಳಿದರು. ಓಡಿಹೋಗುವ ಸಾಮರ್ಥ್ಯವನ್ನೂ ಕಸಿದುಕೊಂಡು ಆ ಪ್ರಾಣಿಯನ್ನು ಅದರ ಭಯದೊಂದಿಗೆ ಕಟ್ಟಿಹಾಕಿದ ಆ ರಾತ್ರಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಹೋಲಿಕೆಯಲ್ಲಿ ಇದನ್ನು ಕೊನೆಯ ಸ್ಥಾನದಲ್ಲಿಯೂ ಇಡಲಾರೆ. ಸದ್ದಿನ ಭಯಕ್ಕೆ ಇದನ್ನೊಂದನ್ನೇ ಕೊಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಎರಡನೆಯ ವೈದ್ಯರು ಔಷಧದ ಹೆಸರಿಗಿಂತ ಮೊದಲು ಕೇಳಿದ ಪ್ರಶ್ನೆ, ‘ಯಾವ ಸದ್ದು, ಎಷ್ಟು ಹೊತ್ತು?’ ಎಂಬುದು. ಉಳಿದೆಲ್ಲವನ್ನೂ ನಾನು ಅರ್ಥಮಾಡಿಕೊಂಡದ್ದು ಈ ಪ್ರಶ್ನೆಯಿಂದಲೇ. ದೀಪಾವಳಿಯ ಪಟಾಕಿ ಬಿಟ್ಟು ಬಿಟ್ಟು ಬರುವ ಸಿಡಿತ, ಬಹುಮಟ್ಟಿಗೆ ಸಂಜೆಯಿಂದ ನಡುರಾತ್ರಿಯವರೆಗಿನದು. ಗಣೇಶ ವಿಸರ್ಜನೆಯ ಡಿಜೆ ನೆಲವನ್ನೇ ನಡುಗಿಸುತ್ತ ಗಂಟೆಗಟ್ಟಲೆ ಸಾಗುತ್ತದೆ. ನಮ್ಮೂರಿನ ಹೋಳಿಯದು ಇವೆರಡಕ್ಕಿಂತ ಬೇರೆ: ಬಣ್ಣದಾಟವೇ ದಿನಗಟ್ಟಲೆ ನಡೆಯುವ ಊರಿದು, ಹಲಗೆ ಎಂಬ ಚರ್ಮವಾದ್ಯದ ಬಡಿತವಂತೂ ಕಾಮದಹನಕ್ಕಿಂತ ಎಷ್ಟೋ ದಿನ ಮೊದಲೇ ಓಣಿ ಓಣಿಯಲ್ಲಿ ಆರಂಭವಾಗುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಹೇಳದೆ ಕೇಳದೆ ಬರುತ್ತದೆ. ಇವೆಲ್ಲಕ್ಕೂ ಒಂದೇ ಮಾತ್ರೆ ಸಾಲದು.

ದೀಪಾವಳಿಗೆ ಅವರು ಬರೆದುಕೊಟ್ಟದ್ದು ಮನುಷ್ಯರ ಆತಂಕಕ್ಕೂ ಕೊಡುವ ಆಲ್ಪ್ರಜೋಲಾಮ್, ಮಲ್ಲಿಯ ತೂಕಕ್ಕೆ 0.5 ಮಿ.ಗ್ರಾಂ. ಹಬ್ಬಕ್ಕೆ ಹತ್ತು ದಿನ ಮೊದಲು, ಯಾವ ಸದ್ದೂ ಇಲ್ಲದ ಒಂದು ಭಾನುವಾರ ಕೊಟ್ಟು ನೋಡಬೇಕೆಂದು ಒತ್ತಿ ಹೇಳಿದ್ದರು. ಆ ಪರೀಕ್ಷೆ ಎಷ್ಟು ಅಗತ್ಯವೆಂಬುದು ಅಂದೇ ತಿಳಿಯಿತು. ಕೆಲವು ನಾಯಿಗಳು ಈ ಔಷಧದಿಂದ ಶಾಂತವಾಗುವ ಬದಲು ಕೆರಳುತ್ತವೆ, ಅಂಜಿಕೆಯಿಂದ ಅದುಮಿಟ್ಟಿದ್ದ ಸಿಟ್ಟು ಹೊರಬಂದು ಕಚ್ಚುವುದೂ ಉಂಟು. ಮಲ್ಲಿ ಕೆರಳಲಿಲ್ಲ, ಆದರೆ ಎಂದೂ ಅಡುಗೆಮನೆಯ ಹೊಸ್ತಿಲು ದಾಟದ ನಾಯಿ ಅಂದು ಬುಟ್ಟಿಯಲ್ಲಿದ್ದ ಜೋಳದ ರೊಟ್ಟಿಗಳನ್ನು ಒಂದೊಂದಾಗಿ ತಿಂದು ಮುಗಿಸಿತು. ಹಸಿವು ಹೆಚ್ಚುವುದೂ ಇದರ ಪರಿಣಾಮವೇ. 2022ರ ದೀಪಾವಳಿಯಲ್ಲಿ ಸಂಜೆ ಆರೂವರೆಗೆ ಕೊಟ್ಟೆ. ಏಳೂವರೆಗೆ ಮೊದಲ ಸರಪಟಾಕಿ ಸಿಡಿದಾಗ ತಲೆಯೆತ್ತಿ ನೋಡಿತು, ನನ್ನ ಬಳಿ ಬಂದು ಕುಳಿತಿತು, ನಡುಗಲಿಲ್ಲ. ಇದರ ಪ್ರಭಾವ ಅರ್ಧದಿಂದ ಒಂದು ಗಂಟೆಯಲ್ಲಿ ಆರಂಭವಾಗುತ್ತದೆ, ಸುಮಾರು ನಾಲ್ಕರಿಂದ ಆರು ಗಂಟೆ ಇರುತ್ತದೆ. ಪಟಾಕಿಗೆ ರಾತ್ರಿ 8ರಿಂದ 10 ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಗೊತ್ತುಪಡಿಸಿದ ಅವಧಿ ನಮ್ಮ ಓಣಿಯಲ್ಲಿ ಪಾಲನೆಯಾಗಿದ್ದರೆ ಒಂದೇ ಮಾತ್ರೆ ಸಾಕಾಗುತ್ತಿತ್ತು. ಹನ್ನೊಂದೂವರೆಗೆ ಮತ್ತೆ ಸಿಡಿತ ಶುರುವಾದಾಗ ವೈದ್ಯರು ಮೊದಲೇ ಅನುಮತಿಸಿದ್ದ ಎರಡನೆಯ ಮಾತ್ರೆಯನ್ನು ಕೊಡಬೇಕಾಯಿತು. ಬಿಟ್ಟು ಬಿಟ್ಟು ಬರುವ ಸಿಡಿತಕ್ಕೆ ನಾನು ನೋಡಿದ ಔಷಧಗಳಲ್ಲಿ ಇದೇ ಉತ್ತಮ.

ಇದನ್ನು ಕೊಳ್ಳುವುದು ಮಾತ್ರ ಸುಲಭವಲ್ಲ, ಸುಲಭವಾಗಿರಬಾರದು ಕೂಡ. ಇದು ಶೆಡ್ಯೂಲ್ ಎಚ್1 ಪಟ್ಟಿಯ ಔಷಧ; ಅಂಗಡಿಯವರು ಚೀಟಿ ನೋಡಿ, ವಿವರವನ್ನು ಪ್ರತ್ಯೇಕ ವಹಿಯಲ್ಲಿ ಬರೆದು, ಮೂರು ವರ್ಷ ಕಾಪಾಡಬೇಕು. ‘ನಮ್ಮ ಅಜ್ಜಿಯ ನಿದ್ದೆಗುಳಿಗೆ ಉಳಿದಾವ, ಒಯ್ರಿ’ ಎಂದು ನೆರೆಯವರೊಬ್ಬರು ಪ್ರೀತಿಯಿಂದಲೇ ಕೊಡಬಂದಿದ್ದರು. ದಯವಿಟ್ಟು ಹಾಗೆ ಯಾರೂ ತೆಗೆದುಕೊಳ್ಳಬೇಡಿ. ಯಕೃತ್ತು, ಮೂತ್ರಪಿಂಡ, ಹೃದಯ ಇವುಗಳ ಸ್ಥಿತಿ ತಿಳಿಯದೆ ಕೊಡುವ ಔಷಧ ಯಾವುದೂ ಇದರಲ್ಲಿಲ್ಲ. ಮುಧೋಳದಂಥ ಬಡಕಲು ಮೈಯ, ಕೊಬ್ಬು ಕಡಿಮೆಯಿರುವ ನಾಯಿಗಳ ವಿಷಯದಲ್ಲಿ ನಮ್ಮ ವೈದ್ಯರು ಕನಿಷ್ಠ ಪ್ರಮಾಣದಿಂದಲೇ ಆರಂಭಿಸಿದರು.

ಮನುಷ್ಯರ ಖಿನ್ನತೆಗೂ ಕೊಡುವ ಟ್ರಾಜೊಡೋನ್ ಅನ್ನು ನಾವು ಬಳಸಿದ್ದು ಅದೇ ವರ್ಷದ ಗಣೇಶ ವಿಸರ್ಜನೆಗೆ. ಸದ್ದಿಗೆ ಎರಡು ಗಂಟೆ ಮೊದಲು 100 ಮಿ.ಗ್ರಾಂ. ಕೊಟ್ಟೆವು. ಮಲ್ಲಿ ಕಣ್ಣುಮುಚ್ಚಿ ಮಲಗಿತು, ಉಸಿರು ನಿಧಾನವಾಗಿತ್ತು, ಎದೆಬಡಿತವೂ ಅಷ್ಟೇ. ಅಸಿಪ್ರೊಮಜಿನ್‌ನ ಮಂಕಿಗೂ ಇದಕ್ಕೂ ಇರುವ ಅಂತರ ಕೈಗೇ ತಿಳಿಯಿತು. ಮೆರವಣಿಗೆ ನಮ್ಮ ಮನೆಯ ಮುಂದೆಯೇ ನಿಂತಾಗ ಎಚ್ಚರವಾಗಿ ತುಸು ಅಂಜಿತಾದರೂ ಬಾಗಿಲು ಕೆರೆಯಲಿಲ್ಲ. ತೂಕಡಿಕೆ ಮಾತ್ರ ಮರುದಿನ ಬೆಳಗಿನವರೆಗೂ ಇತ್ತು. ಮೆಟ್ಟಿಲು ಇಳಿಯುವಾಗ ಜಾರಿತು. ಹೊತ್ತು ಖಚಿತವಾಗಿ ಗೊತ್ತಿರುವ, ದೀರ್ಘಕಾಲದ ಸದ್ದಿಗೆ ನಾನು ಇದನ್ನು ಆರಿಸುತ್ತೇನೆ.

2023ರ ಹೋಳಿಗೆ ಗ್ಯಾಬಾಪೆಂಟಿನ್. ಮೂಲತಃ ಮನುಷ್ಯರ ಅಪಸ್ಮಾರಕ್ಕೆ ಬಂದ ಔಷಧವಿದು. 300 ಮಿ.ಗ್ರಾಂ. ಕ್ಯಾಪ್ಸೂಲನ್ನು ತುಪ್ಪ ಸವರಿದ ರೊಟ್ಟಿಯ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದೆ. ಮನುಷ್ಯರಿಗೆಂದು ಮಾರುವ ಇದರ ದ್ರವರೂಪದ ಕೆಲವು ಔಷಧಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಪದಾರ್ಥ ಇರುತ್ತದೆ, ಅದು ನಾಯಿಗೆ ವಿಷ. ಆದ್ದರಿಂದ ಸಿರಪ್ ಬೇಡವೆಂದು ವೈದ್ಯರು ಚೀಟಿಯ ಮೇಲೆಯೇ ಬರೆದಿದ್ದರು. ದಿನಗಟ್ಟಲೆ ಕೊಡಬಹುದೆಂಬುದೇ ಇದರ ಗುಣ. ಹಿಂಗಾಲುಗಳು ಸ್ವಲ್ಪ ತೂರಾಡಿದವು, ಎರಡನೆಯ ದಿನಕ್ಕೆ ಸರಿಹೋಯಿತು. ದೂರದ ಹಲಗೆಯ ಸದ್ದಿಗೆ ಇದೊಂದೇ ಸಾಕಾಯಿತು. ಬಾಗಿಲ ಮುಂದೆ ಬಾರಿಸುವಾಗ ಸಾಲಲಿಲ್ಲ, ಬಣ್ಣದ ದಿನಗಳಲ್ಲಿ ಕಡಿಮೆ ಪ್ರಮಾಣದ ಟ್ರಾಜೊಡೋನ್ ಸೇರಿಸಬೇಕಾಯಿತು.

ಗುಡುಗಿನ ವಿಷಯದಲ್ಲಿ ಈ ಎಲ್ಲವೂ ಸೋತವು. ಮೋಡ ಕವಿದು ಕಾಲು ಗಂಟೆಯಲ್ಲಿ ಗುಡುಗುವ ಊರಿನಲ್ಲಿ ಎರಡು ಗಂಟೆ ಮೊದಲು ಮಾತ್ರೆ ಕೊಡುವುದೆಂತು? ಹೀಗಾಗಿ 2024ರ ಜನವರಿಯಿಂದ ನಿತ್ಯವೂ ಫ್ಲುಆಕ್ಸೆಟಿನ್ ಎಂಬ, ಖಿನ್ನತೆಗೆ ಬಳಸುವ ಮಾತ್ರೆ ಕೊಡಲಾರಂಭಿಸಿದೆವು. ಇದರ ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಮೊದಲ ಎರಡು ವಾರ ಮಲ್ಲಿ ಅರ್ಧ ಊಟ ಬಿಟ್ಟು ನಮ್ಮನ್ನು ಕಂಗೆಡಿಸಿತು. ಆ ಬೇಸಿಗೆಯಲ್ಲಿ ಗುಡುಗಿದಾಗ ಅದು ಕೋಣೆಗೆ ಹೋಗುತ್ತಿತ್ತು, ಆದರೆ ಗುಡುಗು ನಿಂತ ಹತ್ತು ನಿಮಿಷದಲ್ಲಿ ಹೊರಬರುತ್ತಿತ್ತು. ಹಿಂದೆ ಮರುದಿನವೂ ಬರುತ್ತಿರಲಿಲ್ಲ. ಫ್ಲುಆಕ್ಸೆಟಿನ್ ಜೊತೆಗೆ ಟ್ರಾಜೊಡೋನ್ ಅಥವಾ ಟ್ರಮಡಾಲ್ ಎಂಬ ನೋವುನಿವಾರಕ ಸೇರಿದರೆ ದೇಹದಲ್ಲಿ ಸೆರೊಟೋನಿನ್ ಎಂಬ ನರರಾಸಾಯನಿಕ ಅತಿಯಾಗುವ ಅಪಾಯವಿದೆ. ಮೈನಡುಕ, ಜ್ವರ, ಚಡಪಡಿಕೆ ಅದರ ಲಕ್ಷಣಗಳು. ಹಾಗಾಗಿ ಹಬ್ಬದ ದಿನಗಳ ಪ್ರಮಾಣವನ್ನು ವೈದ್ಯರು ಮತ್ತೆ ಇಳಿಸಿದರು. ಈ ಮಾತ್ರೆಯನ್ನು ನಮ್ಮಷ್ಟಕ್ಕೆ ನಾವೇ ಒಮ್ಮೆಲೇ ನಿಲ್ಲಿಸಲೂಬಾರದು.

ವಸಡು ಮತ್ತು ಕೆನ್ನೆಯ ನಡುವೆ ಹಚ್ಚುವ ಡೆಕ್ಸ್‌ಮೆಡೆಟೊಮಿಡಿನ್ ಜೆಲ್‌ಗೆ ಅಮೆರಿಕದಲ್ಲಿ 2015ರಲ್ಲಿಯೇ ನಾಯಿಗಳ ಸದ್ದಿನ ಭಯಕ್ಕೆಂದು ಅನುಮತಿ ದೊರೆತಿದೆ. ನಮ್ಮೂರಿನ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಹಾಗಾಗಿ ಅದನ್ನು ಹೋಲಿಕೆಗೆ ಸೇರಿಸಿಲ್ಲ. ಮೈಗೆ ಬಿಗಿಯಾಗಿ ಬಟ್ಟೆ ಸುತ್ತುವುದರಿಂದ ಮಲ್ಲಿಗೆ ಯಾವ ಉಪಯೋಗವೂ ಆಗಲಿಲ್ಲ. ಹೆದರಿದಾಗ ತಡವಿದರೆ ಭಯ ಹೆಚ್ಚುತ್ತದೆ ಎಂಬ ಮಾತು ಸುಳ್ಳು. ಅದು ಬಳಿ ಬಂದರೆ ನಾನು ತಡವುತ್ತೇನೆ.

ಯಾವ ಔಷಧವಾದರೂ ಭಯ ಏರುವ ಮೊದಲು ಹೊಟ್ಟೆ ಸೇರಬೇಕು. ನಡುಕ ಶುರುವಾದ ಮೇಲೆ ಕೊಟ್ಟ ದಿನ ಟ್ರಾಜೊಡೋನ್ ಅರ್ಧದಷ್ಟೂ ಕೆಲಸ ಮಾಡಲಿಲ್ಲವೆಂದು ನನ್ನ ಟಿಪ್ಪಣಿಯಲ್ಲಿದೆ. ಆದ್ದರಿಂದ ಹಬ್ಬದ ವಾರದಲ್ಲಿ ಮಾತ್ರೆಯ ಹೊತ್ತನ್ನು ಬರೆದ ಹಾಳೆಯೊಂದು ನಮ್ಮ ಅಡುಗೆಮನೆಯ ಗೋಡೆಯ ಮೇಲಿರುತ್ತದೆ. ಅಕ್ಷರ ಬಾರದ ಅವ್ವ ಗಡಿಯಾರದ ಮುಳ್ಳಿನ ಚಿತ್ರ ನೋಡಿ, ನಾನು ಮನೆಯಲ್ಲಿಲ್ಲದಿದ್ದರೂ, ತುಪ್ಪದ ರೊಟ್ಟಿಯೊಳಗೆ ಅದನ್ನು ಸರಿಯಾದ ಹೊತ್ತಿಗೆ ಕೊಡುತ್ತಾಳೆ.