ಗೋಧಿ ಬಿಡುವ ಮೊದಲು ಓದಿ: ಫುಡ್ ಇನ್‌ಟಾಲರೆನ್ಸ್ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ

ಸುಸ್ತು, ಹೊಟ್ಟೆ ಉಬ್ಬರ ಅಂತ ಹೋದರೆ ‘ಫುಡ್ ಇನ್‌ಟಾಲರೆನ್ಸ್ ಟೆಸ್ಟ್’ ಮಾಡಿ, ನಿಮಗೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಹೊಟ್ಟೆಗೆ ಹೋದರೆ ದೇಹವೇ ತನ್ನ ಕರುಳಿಗೆ ಹಾನಿ ಮಾಡಿಕೊಳ್ಳುವ ಕಾಯಿಲೆ) ಇದೆ ಅಂತ ಹೇಳಿ ಕಳಿಸುವವರಿದ್ದಾರೆ. ದಯವಿಟ್ಟು ನಂಬಬೇಡಿ. ನನ್ನ ತಂಗಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ.

ಅವಳಿಗೆ ಹಾಶಿಮೋಟೊ ಥೈರಾಯ್ಡ್ ಇದೆ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ ಅದು, ಸೀಲಿಯಾಕೂ ಅದೇ ಜಾತಿಯದು. ಐರನ್ ಮಾತ್ರೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ, ಕರುಳು ಐರನ್ ಹೀರಿಕೊಳ್ಳದಿದ್ದರೂ ಹೀಗಾಗಬಹುದು. ಒಂದು ಆಟೋಇಮ್ಯೂನ್ ಕಾಯಿಲೆ ಇರುವವರಿಗೆ ಇನ್ನೊಂದು ಜೊತೆಯಾಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಸೀಲಿಯಾಕ್ ಅನುಮಾನ ಸರಿಯಾಗೇ ಇತ್ತು. ಮಾಡಿದ ಟೆಸ್ಟೇ ಬೇರೆ. ಹೊಟ್ಟೆ ಉರಿಯುವುದು ಅದಕ್ಕೇ.

ಬೆಂಗಳೂರಿನ ಒಂದು ವೆಲ್‌ನೆಸ್ ಸೆಂಟರಿನಲ್ಲಿ 14,000 ರೂಪಾಯಿ ಕಟ್ಟಿಸಿಕೊಂಡು ರಕ್ತ ತೆಗೆದರು. ಮದುವೆ ಆಲ್ಬಮ್ ಥರ ದಪ್ಪ ರಿಪೋರ್ಟ್ ಬಂತು. ಕೆಂಪು, ಹಳದಿ, ಹಸಿರು ಪಟ್ಟಿಗಳು. ಕೆಂಪಿನಲ್ಲಿ ಗೋಧಿ, ಹಾಲು, ಕಡಲೆಕಾಯಿ, ತೊಗರಿಬೇಳೆ. “ಆಂಟಿಬಾಡಿ ಹೈ ಇದೆ ಮೇಡಂ, ಸೀಲಿಯಾಕೇ ಇದು. ಇವತ್ತಿಂದಲೇ ಗೋಧಿ ಬಂದ್” ಅಂದರು. (ಆಂಟಿಬಾಡಿ ಅಂದರೆ ರೋಗನಿರೋಧಕ ವ್ಯವಸ್ಥೆ ರಕ್ತಕ್ಕೆ ಬಿಡುವ ಪ್ರೋಟೀನ್.) ಅವರದೇ ಗ್ಲುಟೆನ್ ಫ್ರೀ ಹಿಟ್ಟಿನ ಪ್ಯಾಕೆಟ್ಟುಗಳಿಗೂ ಅಲ್ಲೇ ಬಿಲ್ ಹಾಕಿದರು. ಇಂಗಿನ ಬಗ್ಗೆ ಒಂದು ಮಾತಿಲ್ಲ! ಡಬ್ಬಿ ಇಂಗಿಗೆ ಎಷ್ಟೋ ಸಲ ಮೈದಾನೋ ಗೋಧಿ ಹಿಟ್ಟೋ ಬೆರೆಸಿರುತ್ತಾರೆ. ನಿಜವಾದ ಸೀಲಿಯಾಕ್ ಆಗಿದ್ದರೆ ಮೊದಲು ಹೇಳಬೇಕಿದ್ದದ್ದು ಅದನ್ನಲ್ವಾ?

ಚಪಾತಿ, ಉಪ್ಪಿಟ್ಟು, ಶಾವಿಗೆ ಎಲ್ಲಾ ಬಿಟ್ಟಳು. ಹಾಲು, ಬೇಳೆಯನ್ನೂ ಬಿಟ್ಟು ಇನ್ನಷ್ಟು ಸೊರಗಿದಳು. ಕೆಲವು ತಿಂಗಳಾದ ಮೇಲೆ ಹೊಟ್ಟೆ ಡಾಕ್ಟರ ಹತ್ತಿರ ಹೋದೆವು. ಅವರು ಆ ರಿಪೋರ್ಟಿನ ಹಾಳೆ ತಿರುವುತ್ತಾ, “ಮನೇಲಿ ಮೀನು ತಿಂತೀರಾ?” ಅಂದರು. ಇಲ್ಲ ಅಂದೆವು. ಮೀನು, ಸಿಗಡಿ, ಏಡಿ ಎಲ್ಲಾ ಹಸಿರು. ದಿನಾ ತಿನ್ನುವುದೆಲ್ಲಾ ಕೆಂಪು. ಅವರು ಬೆರಳಿಟ್ಟು ತೋರಿಸುವಾಗ ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅದು ಆಹಾರದ ಐಜಿಜಿ ಟೆಸ್ಟ್, ಅಂದರೆ ಒಂದೊಂದು ಆಹಾರಕ್ಕೂ ರಕ್ತದಲ್ಲಿ ಐಜಿಜಿ ಅನ್ನುವ ಆಂಟಿಬಾಡಿ ಎಷ್ಟಿದೆ ಅಂತ ಅಳೆಯುವುದು. ಆ ಪದಾರ್ಥ ನಮ್ಮ ಹೊಟ್ಟೆಗೆ ಹೋಗುತ್ತಿದೆ ಅನ್ನುವುದನ್ನು ತೋರಿಸುತ್ತದೆ ಅಷ್ಟೇ. ತೊಗರಿಬೇಳೆ ತಿನ್ನುತ್ತೇವೆ ಅಂತ ತಿಳಿಯಲು 14,000 ಕೊಟ್ಟಿದ್ದೇವೆ!

ಇನ್ನೂ ದೊಡ್ಡ ಹೊಡೆತ ಆಮೇಲೆ. ಸೀಲಿಯಾಕಿಗೆ ಮಾಡುವ ರಕ್ತ ಪರೀಕ್ಷೆ ಟಿಟಿಜಿ-ಐಜಿಎ, ಸೀಲಿಯಾಕಿನಲ್ಲಿ ಏರುವ, ಐಜಿಎ ಅನ್ನುವ ಬೇರೆ ಜಾತಿಯ ಆಂಟಿಬಾಡಿಯನ್ನು ಅಳೆಯುವುದು. ಅದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಬೇಕು. ಗೋಧಿ ಬಿಟ್ಟರೆ ಆಂಟಿಬಾಡಿ ಇಳಿಯುತ್ತಾ ಬರುತ್ತದೆ, ಕರುಳಿನ ಒಳಪದರವೂ ಸುಧಾರಿಸುತ್ತದೆ, ಬಯಾಪ್ಸಿಯಲ್ಲೂ (ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ) ಕಾಯಿಲೆ ಸಿಗದೇ ಹೋಗಬಹುದು. ತಂಗಿಯ ಟಿಟಿಜಿ ನಾರ್ಮಲ್ ಬಂತು. ಕಾಯಿಲೆ ಇಲ್ಲ ಅಂತಲೂ ಹೇಳುವ ಹಾಗಿಲ್ಲ, ಇದೆ ಅಂತಲೂ ಹೇಳುವ ಹಾಗಿಲ್ಲ.

ಸೆಂಟರಿಗೆ ಫೋನ್ ಮಾಡಿದೆ. ಮೊದಲ ಉತ್ತರ: “ಆಂಟಿಬಾಡಿ ಅಂದ್ರೆ ಆಂಟಿಬಾಡಿನೇ ಮೇಡಂ, ಯಾವುದಾದ್ರೇನು?” ಯಾವುದಾದರೇನಂತೆ! ಆಮೇಲೆ, “ಸೀಲಿಯಾಕ್ ಅಂತ ನಾವು ಬರೆದು ಕೊಟ್ಟಿಲ್ವಲ್ಲ, ಗೈಡೆನ್ಸ್ ಅಷ್ಟೇ.” ಅದಾದ ಮೇಲೆ, “ಕೊನೇ ಪುಟ ಓದಿಲ್ವಾ?” ಕೊನೇ ಪುಟದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಇದು ರೋಗ ಪತ್ತೆಗೆ ಅಲ್ಲ ಅಂತ ಇದೆ. ಬಾಯಲ್ಲಿ ಸೀಲಿಯಾಕೇ ಅಂದವರು ಕಾಗದದಲ್ಲಿ ಜಾರಿಕೊಂಡಿದ್ದಾರೆ. ಟಿಟಿಜಿ ನಾರ್ಮಲ್ ಬಂತು ಅಂದಾಗ ಬಂದ ಉತ್ತರವನ್ನಂತೂ ಮರೆಯಲಾರೆ: “ನೋಡಿ, ನಮ್ಮ ಡಯಟ್ ಕೆಲಸ ಮಾಡಿದೆ!” ದುಡ್ಡು ವಾಪಸ್ ಕೇಳಿದರೆ ಮುಂದಿನ ಟೆಸ್ಟಿಗೆ ಡಿಸ್ಕೌಂಟ್ ಕೊಡುತ್ತಾರಂತೆ.

ಅನುಮಾನ ಇದ್ದರೆ ಹೊಟ್ಟೆ ಡಾಕ್ಟರ ಹತ್ತಿರ ಹೋಗಿ, ಟಿಟಿಜಿ-ಐಜಿಎ ಜೊತೆಗೆ ಟೋಟಲ್ ಐಜಿಎ ಕೂಡ ಮಾಡಿಸಿ. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಕಡಿಮೆ ಇರುತ್ತದೆ, ಅಂಥವರಿಗೆ ಕಾಯಿಲೆ ಇದ್ದರೂ ಟಿಟಿಜಿ-ಐಜಿಎ ನಾರ್ಮಲ್ ಬರಬಹುದು. ಎಲ್ಲಾ ಮುಗಿಯುವ ತನಕ ಗೋಧಿ ಬಿಡಬೇಡಿ, ಯಾರು ಹೇಳಿದರೂ ಬಿಡಬೇಡಿ.

ತಂಗಿ ಈಗ ಡಾಕ್ಟರ ಮಾತಿನಂತೆ, ಮತ್ತೆ ಟೆಸ್ಟ್ ಮಾಡಿಸಲಿಕ್ಕೆ, ದಿನಾ ಮತ್ತೆ ಗೋಧಿ ತಿನ್ನುತ್ತಿದ್ದಾಳೆ, ಕನಿಷ್ಠ 6 ವಾರ. ಹೊಟ್ಟೆ ಹಿಡಿದುಕೊಂಡೇ ಆಫೀಸಿಗೆ ಹೋಗುತ್ತಾಳೆ. ಬಿಲ್, ರಿಪೋರ್ಟ್, ಮೆಸೇಜ್ ಎಲ್ಲಾ ಎತ್ತಿಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇವೆ.