ಹಣ್ಣಿಗೆ ಹಬೆ ತೋರಿಸುವ ಅಡುಗೆಮನೆ: ಸಿದ್ದಾಪುರದ ಬಳಿ ಮೂರು ದಿನ

ನವೆಂಬರ್‌ನಲ್ಲಿ ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದೊಳಗಿನ ಹೋಮ್‌ಸ್ಟೇ ಒಂದರಲ್ಲಿ ಮೂರು ದಿನ ತಂಗಿದ್ದೆವು. ಕೋಣೆ ಚೊಕ್ಕಟವಾಗಿತ್ತು, ಬಿಸಿನೀರಿಗೆ ಕೊರತೆಯಿರಲಿಲ್ಲ. ನಾನು ಬರೆಯಬೇಕೆಂದಿರುವುದು ಅಡುಗೆಮನೆಯ ಬಗ್ಗೆ. ಏಕೆಂದರೆ ನನ್ನಂಥವರಿಗೆ ಹೊರಗಿನ ಊಟವೆಂದರೆ ಮೊದಲು ವಿಚಾರಣೆ, ಆಮೇಲೆ ರುಚಿ.

ನನಗೆ ಪಾರ್ಥೇನಿಯಂ ಮತ್ತು ಹುಲ್ಲಿನ ಪರಾಗದ ಅಲರ್ಜಿಯಿದೆ. ಸೀನಿನ ಕಾಟವಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕರಬೂಜ, ಬಾಳೆಹಣ್ಣು, ಕಿತ್ತಳೆ, ಸೌತೆಕಾಯಿ ಬಾಯಿಗಿಟ್ಟ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ, ಗಂಟಲು ತುರಿಸತೊಡಗುತ್ತವೆ. ಪರಾಗದಲ್ಲಿರುವ ಪ್ರೋಟೀನನ್ನು ಹೋಲುವಂಥದ್ದೇ ಈ ಹಣ್ಣು-ತರಕಾರಿಗಳಲ್ಲೂ ಇರುವುದರಿಂದ ದೇಹ ಎರಡನ್ನೂ ಒಂದೇ ಎಂದು ಬಗೆದು ಕೆರಳುತ್ತದೆ. ಆದರೆ ಇಂಥ ಪ್ರೋಟೀನುಗಳಲ್ಲಿ ಬಹುಪಾಲು ಶಾಖಕ್ಕೆ ರೂಪಗೆಡುವುದರಿಂದ, ಬೇಯಿಸಿದ ಮೇಲೆ ಅದೇ ಪದಾರ್ಥ ನನಗೆ ಒಗ್ಗುತ್ತದೆ.

ಇದನ್ನು ಫೋನಿನಲ್ಲಿ ವಿವರಿಸಿದಾಗ ಮನೆಯೊಡತಿ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಹಣ್ಣು ಬೇಡವೆಂದಲ್ಲ, ಅದಕ್ಕೆ ಹಬೆ ತೋರಿಸಬೇಕು, ಅಷ್ಟೇ ಅಲ್ಲವೇ?” ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಂದು ಕೊಡವರ ಅಕ್ಕಿ ತಿಂಡಿಗಳನ್ನು ಮಾಡುತ್ತ ಹಬೆಯಲ್ಲೇ ಪಳಗಿದ ಕೈಗೆ ಇದು ಹೊಸ ಮಾತಲ್ಲವಷ್ಟೆ. ಮರುದಿನ ಬೆಳಿಗ್ಗೆ ಇತರರಿಗೆ ಹೆಚ್ಚಿದ ಹಣ್ಣಿನ ತಟ್ಟೆ ಬಂದರೆ, ನನಗೆ ಬಂದದ್ದು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಬಾಳೆಹಣ್ಣಿನ ಪುಟ್ಟು. ಎಷ್ಟೋ ವರ್ಷಗಳ ಮೇಲೆ ನಿರ್ಭಯವಾಗಿ ಬಾಳೆಹಣ್ಣು ತಿಂದೆ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಪಲ್ಯಕ್ಕೆ, ಹಾಕಿದ ಕಾಚಂಪುಳಿ ಎಂಬ ಹುಳಿ ಹಣ್ಣಿನ ರಸದ್ದೇ ಆದರೂ ಕುದಿಸಿ ಗಟ್ಟಿಮಾಡಿದ್ದು, ಅದರಿಂದಲೂ ತೊಂದರೆಯಾಗಲಿಲ್ಲ.

ಎಡವಟ್ಟಾದದ್ದು ಎರಡನೆಯ ರಾತ್ರಿ. ಮನೆಯೊಡತಿ ಊರಲ್ಲಿರಲಿಲ್ಲ, ಬಡಿಸುತ್ತಿದ್ದ ಹುಡುಗ ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿಯ) ಪಕ್ಕದಲ್ಲೇ ಸೌತೆಕಾಯಿ ಹೋಳುಗಳನ್ನಿಟ್ಟು, “ತೋಟದ್ದೇ ಸರ್, ಔಷಧಿ ಹೊಡೆದಿಲ್ಲ” ಎಂದ. ತಕರಾರು ಔಷಧಿಯದಲ್ಲ, ಸೌತೆಕಾಯಿಯದೇ ಎಂದು ಹೇಳುವಷ್ಟರಲ್ಲಿ ಅದರ ರಸ ಒಟ್ಟಿಯೊಳಕ್ಕೆ ಇಳಿದಿತ್ತು. ಅದನ್ನು ತಿಂದ ಮೇಲೆ ಅರ್ಧ ಗಂಟೆ ಗಂಟಲು ಕೆರೆಯಿತು, ತಾನಾಗಿ ತಣಿಯಿತು. ಒಬ್ಬರಿಗೆ ಹೇಳಿದ್ದು ಮನೆಯವರೆಲ್ಲರಿಗೂ ತಲುಪುವಂತೆ ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದರೂ ಸಾಕಿತ್ತು.

ಕಡಲೆಕಾಯಿ, ಗೋಡಂಬಿಯ ತೀವ್ರ ಅಲರ್ಜಿ ಇರುವವರಿಗೆ ಈ ಮನೆಯನ್ನು ನಾನು ಸೂಚಿಸಲಾರೆ. ಆ ಅಲರ್ಜಿ ಹುರಿದರೂ ಬೇಯಿಸಿದರೂ ಹೋಗುವಂಥದ್ದಲ್ಲ, ಇಲ್ಲಿ ಎಲ್ಲ ಚಟ್ನಿಗೂ ಒಂದೇ ಮಿಕ್ಸಿ ಜಾರು. ನನ್ನಂತೆ ಬಾಯಿ ತುರಿಕೆಯವರು ಹಿಂದಿನ ದಿನವೇ ಫೋನ್ ಮಾಡಿ ಹೋಗಬಹುದು.

ಹೊರಡುವಾಗ ಎಲ್ಲರ ಚೀಲಕ್ಕೂ ಕೊಡಗಿನ ಕಿತ್ತಳೆ ಬಿದ್ದವು. ನನಗೆ ಮಾತ್ರ ಅದೇ ಕಿತ್ತಳೆಯ ಮಾರ್ಮಲೇಡ್ ಬಾಟಲಿ. ಸಕ್ಕರೆ ತುಸು ಹೆಚ್ಚಾಗಿತ್ತು, ಆದರೂ ವಾರದೊಳಗೆ ಖಾಲಿಯಾಯಿತು.