ಕಲೆ ತೆಗೆಯುವ ನಾಲ್ಕು ದ್ರಾವಣ: ಮೊದಲ ದಿನ ಗೆದ್ದದ್ದು, ಎರಡನೇ ತಿಂಗಳಿಗೆ ಉಳಿದದ್ದು

ಬಟ್ಟೆಯ ಕಲೆಗೆ ನೀರಿನಲ್ಲೇ ಕಲೆಸಿದ ದ್ರಾವಣವನ್ನು ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ. ಮಾಡಿದ ದಿನ ಯಾವುದು ಚೆನ್ನಾಗಿ ಕೆಲಸ ಮಾಡಿತು ಅನ್ನೋದಕ್ಕಿಂತ, ಎರಡು ತಿಂಗಳು ಬಾಟಲಿಯಲ್ಲಿ ಇಟ್ಟ ಮೇಲೂ ಯಾವುದು ಕೆಲಸ ಮಾಡಿತು ಅನ್ನೋದೇ ನನಗೆ ಮುಖ್ಯ. ಈ ಎರಡಕ್ಕೂ ಉತ್ತರ ಬೇರೆ ಬೇರೆ ಬಂತು.

ಒಂದೇ ಬಿಳಿ ಹತ್ತಿ ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿದೆ. ಪ್ರತಿ ಪಟ್ಟಿಗೂ ಮೂರು ಕಲೆ: ಹೊಲಿಗೆ ಯಂತ್ರದ ಎಣ್ಣೆ, ಹಾಲು ಹಾಕದ ಟೀ, ಬೆರಳು ಚುಚ್ಚಿ ತೆಗೆದ ಒಂದೊಂದು ಹನಿ ರಕ್ತ. 24 ಗಂಟೆ ಒಣಗಲು ಬಿಟ್ಟೆ. ಆಮೇಲೆ ದ್ರಾವಣ ಹಚ್ಚಿ 15 ನಿಮಿಷ ಬಿಟ್ಟು, ತಣ್ಣೀರಲ್ಲಿ ಜಾಲಿಸಿದೆ. ಒಂದು ಪಟ್ಟಿಗೆ ಮಾತ್ರ ಬರೀ ನೀರು. ಈ ಪಟ್ಟಿಯನ್ನು ಯಾರೂ ಬಿಡಬೇಡಿ. ಕಲೆಯಲ್ಲಿ ಒಂದಿಷ್ಟು ಬರೀ ನೀರಿಗೇ ಹೋಗುತ್ತದೆ. ಪಕ್ಕದಲ್ಲಿ ಆ ಪಟ್ಟಿ ಇಲ್ಲದಿದ್ದರೆ ಅದರ ಹೆಸರೂ ದ್ರಾವಣಕ್ಕೇ ಹೋಗುತ್ತದೆ, ಅಲ್ವಾ?

ಮೊದಲನೆಯದು ಪೊಟ್ಯಾಶಿಯಂ ಸೋಪಿನ ದ್ರಾವಣ, ಜೊತೆಗೆ ಸ್ವಲ್ಪ ವಾಷಿಂಗ್ ಸೋಡಾ. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಣ್ಣೆಗೆ ಪರವಾಗಿಲ್ಲ. ಆದರೆ ಗಡಸು ನೀರು ತಾಕಿದ ಕೂಡಲೇ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಷ್ಟು ಬಟ್ಟೆಯಲ್ಲಿ ಕೂತಿತು. ಕ್ಷಾರ ಕಡಿಮೆ ಮಾಡೋಣ ಅಂತ ಸಿಟ್ರಿಕ್ ಆಸಿಡ್ ಹಾಕಿದರೆ ಬಾಟಲಿಯೇ ಹಾಲಿನಂತೆ ಬೆಳ್ಳಗಾಯಿತು. ಸೋಪು ಒಡೆದು ಕೊಬ್ಬಿನಾಮ್ಲ ಮೇಲೆ ತೇಲಿತು. ಇದನ್ನು ಅಲ್ಲಿಗೇ ಕೈಬಿಟ್ಟೆ.

ಎರಡನೆಯದು ನಾನ್‌ಅಯಾನಿಕ್ ಸರ್ಫ್ಯಾಕ್ಟಂಟ್‌ನದು, ಅಂದರೆ ನೀರಿನಲ್ಲಿ ವಿದ್ಯುದಾವೇಶ ಪಡೆಯದ, ಜಿಡ್ಡು ಬಿಡಿಸುವ ಪದಾರ್ಥದ್ದು. 100 ಗ್ರಾಂಗೆ ನಾನು ಹಾಕಿದ ಅಳತೆ ಹೀಗಿದೆ: 7 ಮೋಲ್‌ನ (ಅಂದರೆ ಪ್ರತಿ ಅಣುವಿಗೆ ಸರಾಸರಿ 7 ಎಥಿಲೀನ್ ಆಕ್ಸೈಡ್ ಸೇರಿಸಿದ) ಲಾರಿಲ್ ಆಲ್ಕೋಹಾಲ್ ಎಥಾಕ್ಸಿಲೇಟ್ 6 ಗ್ರಾಂ, ಇನ್ನೊಂದು ಸರ್ಫ್ಯಾಕ್ಟಂಟ್ ಆದ ಡೆಸಿಲ್ ಗ್ಲುಕೋಸೈಡ್ 4 ಗ್ರಾಂ, ಸೋಡಿಯಂ ಸಿಟ್ರೇಟ್ 2 ಗ್ರಾಂ, ಐಸೊಪ್ರೊಪೈಲ್ ಆಲ್ಕೋಹಾಲ್ 5 ಗ್ರಾಂ, ಉಳಿದದ್ದು ಡಿಸ್ಟಿಲ್ಡ್ ವಾಟರ್. ಎಥಾಕ್ಸಿಲೇಟನ್ನು ತಣ್ಣೀರಿಗೆ ಸುರಿದರೆ ಜೆಲ್ಲಿಯಂತೆ ಗಟ್ಟಿ ಉಂಡೆಯಾಗಿ ತಳಕ್ಕೆ ಅಂಟಿಕೊಳ್ಳುತ್ತದೆ. ಎಷ್ಟು ಕಲಕಿದರೂ ಬೇಗ ಬಿಡೋದಿಲ್ಲ. ಬೆಚ್ಚಗಿನ ನೀರಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ತಿಳಿಯಾಗಿ ಕರಗುತ್ತದೆ. ಆಲ್ಕೋಹಾಲ್ ಹಾಕೋದು ಮಾತ್ರ ಎಲ್ಲ ತಣ್ಣಗಾದ ಮೇಲೆ, ಹತ್ತಿರ ಬೆಂಕಿ ಇರಬಾರದು. ಇನ್ನೊಂದು ವಿಷಯ, ಡೆಸಿಲ್ ಗ್ಲುಕೋಸೈಡ್ ಬರುವಾಗಲೇ ತುಂಬಾ ಕ್ಷಾರೀಯ. ಅದರ ಪಿಎಚ್ (ಆಮ್ಲ-ಕ್ಷಾರ ಅಳೆಯುವ ಸಂಖ್ಯೆ, 7 ಅಂದರೆ ಎರಡೂ ಅಲ್ಲ) 12ರ ಹತ್ತಿರ ಇರುತ್ತದೆ. ಹಾಗಾಗಿ ಕೊನೆಗೆ ಚಿಟಿಕೆ ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿ, ಪಿಎಚ್ ಪಟ್ಟಿ ಅದ್ದಿ ನೋಡುತ್ತಾ 7ಕ್ಕೆ ತಂದೆ.

ಎಣ್ಣೆ ಕಲೆಗೆ ಈ ಬಾಟಲಿಗೆ ಸಾಟಿಯಿಲ್ಲ. ಬಿಳಿ ಬಟ್ಟೆಯ ಮೇಲೆ ಎಣ್ಣೆ ಸುಮ್ನೆ ನೋಡಿದರೆ ಕಾಣೋದಿಲ್ಲ. ಒಣಗಿದ ಪಟ್ಟಿಯನ್ನು ಕಿಟಕಿ ಬೆಳಕಿಗೆ ಹಿಡಿಯಬೇಕು. ಎಣ್ಣೆ ಉಳಿದಿದ್ದರೆ ಅಷ್ಟು ಜಾಗದಲ್ಲಿ ಮಾತ್ರ ಬೆಳಕು ಹಾಯುತ್ತದೆ. ಬರೀ ನೀರಿನ ಪಟ್ಟಿಯಲ್ಲಿ ಎಣ್ಣೆಯ ವೃತ್ತ ಇಡೀ ಹಾಗೇ ಇತ್ತು. ಈ ಬಾಟಲಿಯ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಟೀ ಮಾತ್ರ ಅರ್ಧ ಹೋಯಿತು, ರಕ್ತ ತಿಳಿ ಕಂದು ಬಣ್ಣದ ಅಂಚು ಬಿಟ್ಟಿತು.

ರಕ್ತದಲ್ಲಿ ಗೆದ್ದದ್ದು ಮೂರನೆಯದು. ಎರಡನೆಯದರ ಅಳತೆಗೇ 1 ಗ್ರಾಂ ದ್ರವ ಪ್ರೋಟಿಯೇಸ್ ಎಂಜೈಮ್ ಸೇರಿಸಿದ್ದೆ. ಅಂಚು ಕೂಡ ಉಳಿಯಲಿಲ್ಲ. ತುಂಬಾ ಖುಷಿಯಾಯಿತು. ಆರು ವಾರ ಬಿಟ್ಟು ಅದೇ ಬಾಟಲಿಯಿಂದ ಹೊಸ ಪಟ್ಟಿಗೆ ಹಚ್ಚಿದರೆ, ಎರಡನೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ! ಪ್ರೋಟಿಯೇಸ್ ಅಂದರೆ ಪ್ರೋಟೀನ್ ಕತ್ತರಿಸುವ ಎಂಜೈಮ್. ಅದೂ ಒಂದು ಪ್ರೋಟೀನೇ. ನೀರಿನಲ್ಲಿ ಸುಮ್ನೆ ಕೂತರೆ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಅದರ ಆಕಾರ ಗಟ್ಟಿಯಾಗಿ ನಿಲ್ಲೋಕೆ ಕ್ಯಾಲ್ಸಿಯಂ ಬೇಕು. ನಾನು ಗಡಸು ನೀರಿಗೆ ಅಂತ ಹಾಕಿದ್ದ ಸಿಟ್ರೇಟ್ ಆ ಕ್ಯಾಲ್ಸಿಯಂ ಅನ್ನೂ ಹಿಡಿದುಕೊಳ್ಳುತ್ತದೆ. ಒಂದು ಬಾಟಲಿಗೆ ಒಳ್ಳೆಯದಾದ ಪದಾರ್ಥವೇ ಪಕ್ಕದ ಬಾಟಲಿಗೆ ಶತ್ರು. ಎರಡನೇ ಸಲ ಸಿಟ್ರೇಟ್ ಬಿಟ್ಟೆ, ಆಲ್ಕೋಹಾಲ್ ಬದಲು ಎಂಜೈಮ್ ಕೆಡದಂತೆ ಹಿಡಿಯುವ ದ್ರವವಾದ ಪ್ರೊಪಿಲೀನ್ ಗ್ಲೈಕಾಲ್ 15 ಗ್ರಾಂ ಹಾಕಿದೆ, ಕ್ಯಾಲ್ಸಿಯಂ ಕ್ಲೋರೈಡ್ 0.1 ಗ್ರಾಂ ಸೇರಿಸಿದೆ. ಎರಡು ತಿಂಗಳಾದರೂ ರಕ್ತದ ಕಲೆ ತೆಗೆಯಿತು, ಮೊದಲ ದಿನದಷ್ಟು ಚುರುಕಾಗಿ ಅಲ್ಲ ಅಷ್ಟೇ. ಉಣ್ಣೆ, ರೇಷ್ಮೆ ಕೂಡ ಪ್ರೋಟೀನ್ ಆದ್ದರಿಂದ ಅವಕ್ಕೆ ಇದನ್ನು ಮುಟ್ಟಿಸಬೇಡಿ. ಸ್ಪ್ರೇ ಕೂಡ ಮಾಡಬೇಡಿ. ಎಂಜೈಮಿನ ತುಂತುರು ಉಸಿರಿಗೆ ಹೋದರೆ ಅಲರ್ಜಿ ಹತ್ತಬಹುದು. ನಾನು ಬ್ರಷ್‌ನಲ್ಲೇ ಹಚ್ಚುತ್ತೇನೆ.

ನಾಲ್ಕನೆಯದು ಸೋಡಿಯಂ ಪರ್‌ಕಾರ್ಬೊನೇಟ್, ಒಂದು ಲೀಟರ್ ಬೆಚ್ಚಗಿನ ನೀರಿಗೆ 10 ಗ್ರಾಂ. ನೀರಿಗೆ ಬಿದ್ದರೆ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಟೀ ಕಲೆ ನಾಲ್ಕರಲ್ಲಿ ಪೂರ್ತಿ ಹೋದದ್ದು ಇದರಲ್ಲಿ ಮಾತ್ರ, ಅದೂ ಒಂದು ಗಂಟೆ ನೆನೆಸಿದ ಮೇಲೆ. ಆದರೆ ಇದನ್ನು ಬಾಟಲಿಗೆ ತುಂಬಿಡೋ ಯೋಚನೆಯೇ ತಪ್ಪು. ಮುಚ್ಚಳ ಬಿಗಿ ಮಾಡಿ ರಾತ್ರಿ ಇಟ್ಟಿದ್ದೆ. ಬೆಳಗ್ಗೆ ಪ್ಲಾಸ್ಟಿಕ್ ಬಾಟಲಿಯ ತಳ ಉಬ್ಬಿ ನಿಲ್ಲಲಾರದೆ ಅಡ್ಡ ಬಿದ್ದಿತ್ತು. ಒಳಗೆ ಬಿಡುಗಡೆಯಾಗುತ್ತಲೇ ಇದ್ದ ಆಮ್ಲಜನಕ ಹೊರಗೆ ಹೋಗಲು ದಾರಿ ಇರಲಿಲ್ಲ. ಗಾಜಿನದಾಗಿದ್ದರೆ ಒಡೆಯಬಹುದಿತ್ತು. ದಯವಿಟ್ಟು ಇದನ್ನು ಮುಚ್ಚಿಡಬೇಡಿ. ಕ್ಲೋರಿನ್ ಬ್ಲೀಚ್ ಜೊತೆ ಯಾವತ್ತೂ ಬೆರೆಸಬೇಡಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯ ಮೂಲೆಗೆ ಹಚ್ಚಿ ನೋಡಿ.

ಹೀಗಾಗಿ ನನ್ನ ಮಟ್ಟಿಗೆ ಬಾಟಲಿಯಲ್ಲಿ ಇಡುವಂಥದ್ದು ಎರಡನೆಯದೇ. ಅದರಲ್ಲೂ ಒಂದು ಪಾಠ ಕಲಿತೆ. ಮೊದಲ ಸಲ ಪ್ರಿಸರ್ವೇಟಿವ್ (ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುವ ಪದಾರ್ಥ) ಹಾಕಿರಲಿಲ್ಲ, ಆಲ್ಕೋಹಾಲ್ ಇದೆಯಲ್ಲ ಸಾಕು ಅಂದುಕೊಂಡಿದ್ದೆ. 5 ಗ್ರಾಂ ಸಾಲದು. ಐದನೇ ವಾರ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಬಂತು, ತಳದಲ್ಲಿ ಹತ್ತಿಯಂಥ ಬೂದು ಎಳೆ ತೇಲುತ್ತಿತ್ತು. ಈಗ 100 ಗ್ರಾಂಗೆ 0.8 ಗ್ರಾಂ ಫೀನಾಕ್ಸಿಎಥನಾಲ್ ಹಾಕುತ್ತೇನೆ. ಮೂರನೆಯದಕ್ಕೂ ಅಷ್ಟೇ. ಅದನ್ನು ಸಣ್ಣ ಬಾಟಲಿಯಲ್ಲಿ ಮಾಡಿ, ಮಾಡಿದ ದಿನಾಂಕ ಬರೆದು ಫ್ರಿಡ್ಜ್‌ನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಪರ್‌ಕಾರ್ಬೊನೇಟ್ ಒಣ ಡಬ್ಬಿಯಲ್ಲೇ ಇರುತ್ತದೆ. ಟೀ ಚೆಲ್ಲಿದ ದಿನ ಎರಡು ಚಮಚ ತೆಗೆದು ಬಕೆಟ್‌ಗೆ ಹಾಕುತ್ತೇನೆ, ಉಳಿದ ನೀರನ್ನು ಅವತ್ತೇ ಚೆಲ್ಲುತ್ತೇನೆ.